ಕೊಡಗಿನ ಕಕ್ಕಬ್ಬೆ ಮಳೆಗೆ ಬೆಂಗಳೂರಿನ ಪುಟ್ಟ ಕ್ರಾಸ್ ನಾಯಿ ತಡೀತದಾ?

ಕಕ್ಕಬ್ಬೆ_ಹುಡುಗ (ಮೇ 24, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾಯಿ ಸಾಕಿದವರು ಸುಮಾರು ಜನ ಇದ್ದೀರಿ ಅಂತ ಗೊತ್ತು, ಹಾಗಾಗಿ ಕೇಳ್ತಾ ಇದ್ದೇನೆ. ನಮ್ಮ ಅಕ್ಕ ಭಾವ ಬೆಂಗಳೂರಲ್ಲಿ ಫ್ಲಾಟಲ್ಲಿ ಸಾಕ್ತಿದ್ದ ನಾಯೀನ, ಕೆಲಸದ ಮೇಲೆ ಹೊರದೇಶಕ್ಕೆ ಹೋಗುವಾಗ ನಮ್ಮನೇಲಿ ಬಿಟ್ಟು ಹೋಗಿದ್ದಾರೆ. ಎರಡು ವರ್ಷ ಅಂತೆ, ಎರಡು ವರ್ಷ ಅಂದ್ರೆ ಇನ್ನು ನಮ್ಮದೇ ಅಂತ ಲೆಕ್ಕ. ಗಂಡು, ಒಂದೂವರೆ ವರ್ಷ, ತೂಕ 5 ಕೆಜಿ ಚಿಲ್ಲರೆ (ಕಾಳುಮೆಣಸು ತೂಗೋ ತಕ್ಕಡೀಲಿ ಕೂರಿಸಿ ನೋಡಿದ್ದು). ಪಾಮೇರಿಯನ್ ಮತ್ತೆ ಶಿಟ್ಜು ಕ್ರಾಸ್ ಅಂತೆ, ಮಾರಿದವನು ಶಿರೇನಿಯನ್ ಅಂತ ಬ್ರೀಡ್ ಹೆಸರು ಹೇಳಿ ದುಡ್ಡು ತಗೊಂಡಿದ್ದಾನೆ. ಅವ್ವ ಅದನ್ನ ಕೇಳಿ "ಇರಾನಿಂದ ಬಂದದ್ದಾ" ಅಂದ್ರು. ಅಕ್ಕ ಇಟ್ಟ ಹೆಸರು ಮೋಚಾ, ಅವ್ವನ ಬಾಯಲ್ಲಿ ಎರಡೇ ದಿನಕ್ಕೆ ಅದು ಮಾಚ ಆಗಿ ಹೋಯ್ತು, ಈಗ ಪಕ್ಕದ ತೋಟದವರ ಹೆಸರೂ ಅದೇ ಇರೋದ್ರಿಂದ "ಮಾಚಾ ಒಳಗೆ ಬಾ, ಸೋಫಾ ಮೇಲೆ ಉಚ್ಚೆ ಹೊಯ್ಬೇಡ" ಅಂತ ಕೂಗಿದಾಗೆಲ್ಲ ನಂಗೆ ಬೇಲಿ ಆಚೆ ನೋಡೋಕೆ ನಾಚಿಕೆ.

ವಿಷಯ ಏನಂದ್ರೆ ಇನ್ನೊಂದು ಹದಿನೈದು ದಿನದಲ್ಲಿ ನಮ್ಮಲ್ಲಿ ಮಳೆ ಹಿಡೀತದೆ, ತಡಿಯಂಡಮೋಳ್ ಬೆಟ್ಟದ ಬುಡ ಅಂದ್ರೆ ಗೊತ್ತಲ್ಲ, ಹಿಡಿದ್ರೆ ಬಿಡೋದಿಲ್ಲ. ಇವನ ಕೂದಲು ನೆಲ ಗುಡಿಸ್ತದೆ, ಕಣ್ಣು ದಪ್ಪ, ಮೂಗು ಸ್ವಲ್ಪ ಗಿಡ್ಡ. ಇಷ್ಟು ದಿನ ಏಸಿ ಕೆಳಗೆ ಮಲಗಿದವನು. ನಮ್ಮಲ್ಲಿ ಆಗ್ಲೇ ಎರಡು ತೋಟದ ನಾಯಿ ಉಂಟು, ಅವು ಅಂಗಳದಲ್ಲೇ ಇರೋದು, ಮಳೆ ಬಂದ್ರೆ ಸೌದೆ ಕೊಟ್ಟಿಗೆಗೆ ಹೋಗ್ತಾವೆ, ಅವಕ್ಕೆ ಎಂತ ಮಾಡಿದ್ದೂ ಇಲ್ಲ ನಾವು. ಇವನಿಗೆ ಕೂದಲು ಬೋಳಿಸಿಬಿಡ್ಲಾ? ಅವುಗಳ ಜೊತೆ ತೋಟಕ್ಕೆ ಬಿಡಬಹುದಾ? ಅನ್ನ ಮೂಸಿಯೂ ನೋಡೋದಿಲ್ಲ, ಬರೀ ಅಂಗಡೀಲಿ ಸಿಗೋ ನಾಯಿ ತಿಂಡಿ ಕಾಳು. ರಾತ್ರಿ ಎಲೆ ಬಿದ್ರೂ ಬೊಗಳ್ತಾನೆ. ಈ ಶಿರೇನಿಯನ್ ಅನ್ನೋ ಬ್ರೀಡಿನ ಗುಣ ಎಂತದ್ದು, ಹೇಗೆ ನೋಡ್ಕೊಳ್ಳೋದು, ಯಾರಾದ್ರೂ ಸಾಕಿದ್ರೆ ಹೇಳಿ.

ಮಡಿಕೇರಿ_ಮಂಜು (ಮೇ 24, ರಾತ್ರಿ 10:25)

ಮೊದಲು ಒಂದು ವಿಷಯ, ಶಿರೇನಿಯನ್ ಅಂತ ಬ್ರೀಡೇ ಇಲ್ಲ ಮಾರಾಯ್ರೆ. ಎರಡು ಜಾತಿ ನಾಯಿ ಕೂಡಿ ಹುಟ್ಟಿದ್ದಕ್ಕೆ ಎರಡರ ಹೆಸರು ಕತ್ತರಿಸಿ ಅಂಟಿಸಿದ್ದು ಅಷ್ಟೇ. ನಾಯಿ ತಳಿ ದಾಖಲು ಮಾಡೋ ಕೆನಲ್ ಕ್ಲಬ್ಬಿನವರು ಕ್ರಾಸಿಗೆ ಸರ್ಟಿಫಿಕೇಟ್ ಕೊಡೋದಿಲ್ಲ. ಹಾಗಾಗಿ "ಶಿರೇನಿಯನ್ ಗುಣ" ಅಂತ ಎಲ್ಲಾದ್ರೂ ಓದಿದ್ರೆ ಪೂರ್ತಿ ನಂಬಬೇಡಿ, ಒಂದೇ ಸೂಲಿನ ನಾಲ್ಕು ಮರಿ ನಾಲ್ಕು ಥರ ಇರ್ತಾವೆ. ಲ್ಯಾಬ್ರಡೂಡಲ್ ಅಂತ ಕೇಳಿರಬಹುದು, 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ವಾಲಿ ಕಾನ್ರನ್ ಅನ್ನೋರು ಕುರುಡರಿಗೆ ದಾರಿ ತೋರಿಸೋ ನಾಯಿ ಬೇಕು ಆದ್ರೆ ಮನೆಯವರಿಗೆ ಕೂದಲು ಅಲರ್ಜಿ ಆಗ್ಬಾರ್ದು ಅಂತ ಲ್ಯಾಬ್ರಡಾರ್ ಮತ್ತೆ ಪೂಡಲ್ ಕ್ರಾಸ್ ಮಾಡಿಸಿದ್ದು, ಅಲ್ಲೂ ಮೊದಲನೇ ಸೂಲಿನ ಮೂರು ಮರಿಯಲ್ಲಿ ಒಂದು ಮಾತ್ರ ಅಲರ್ಜಿ ಆಗದ್ದು ಸಿಕ್ಕಿದ್ದು. ಈ ಕ್ರಾಸ್ ಹೆಸರುಗಳ ಹುಚ್ಚು ಜೋರಾದ ಮೇಲೆ ಅವರೇ ಯಾಕಾದ್ರೂ ಮಾಡಿದೆನೋ ಅಂತ ಬೇಜಾರು ಮಾಡ್ಕೊಂಡ್ರು.

ಇನ್ನೊಂದು, ನಮ್ಮೂರಲ್ಲಿ "ಪಾಮ್" ಅಂತ ಎಲ್ಲರೂ ಕರೆಯೋ ಬಿಳಿ ನಾಯಿ ಸುಮಾರು ಕಡೆ ಪಾಮೇರಿಯನ್ನೇ ಅಲ್ಲ, ಇಂಡಿಯನ್ ಸ್ಪಿಟ್ಜ್. ನಿಜವಾದ ಪಾಮೇರಿಯನ್ ಅಂದ್ರೆ ಮೂರು ಮೂರೂವರೆ ಕೆಜಿ ಒಳಗೆ, ಶಿಟ್ಜು ನಾಲ್ಕರಿಂದ ಏಳು. ನಿಮ್ಮವನು ಐದು ಚಿಲ್ಲರೆ ಅಂದ್ರೆ ಎಂತದ್ದೂ ಆಗಿರಬಹುದು. ಬಿಡಿ ಅದು.

ಕೂದಲಿನ ಪ್ರಶ್ನೆಗೆ: ಬೋಳಿಸಬೇಡಿ, ಮೊದಲು ನೋಡಿ. ಬೆನ್ನಿನ ಮೇಲೆ ಕೂದಲು ಎರಡು ಕಡೆಗೆ ಬಿಡಿಸಿ, ಬುಡದಲ್ಲಿ ಹತ್ತಿ ಥರ ಮೆತ್ತಗೆ ದಟ್ಟವಾದ ಇನ್ನೊಂದು ಪದರ ಉಂಟಾ? ಉಂಟು ಅಂದ್ರೆ ಕೂದಲಲ್ಲಿ ಅವನು ಪಾಮೇರಿಯನ್ ಕಡೆಗೆ, ಅಂಥವಕ್ಕೆ ಮೆಷಿನ್ ಹಾಕಿ ಚರ್ಮದವರೆಗೆ ಬೋಳಿಸಿದ್ರೆ ಕೆಲವಕ್ಕೆ ಮತ್ತೆ ಸರಿಯಾಗಿ ಬೆಳೆಯೋದೇ ಇಲ್ಲ, ತೇಪೆ ತೇಪೆ ಆಗ್ತದೆ. ನಮ್ಮ ಚಿಕ್ಕಮ್ಮನ ಪಾಮ್ ಹಾಗೆ ಆಗಿ ಎರಡು ವರ್ಷ ಹರಿದ ಕಂಬಳಿ ಹಾಗೆ ತಿರುಗ್ತಿತ್ತು. ಬರೀ ಉದ್ದ ಕೂದಲು, ಮನುಷ್ಯರ ಕೂದಲ ಹಾಗೆ ಬೆಳೀತಾನೇ ಹೋಗ್ತದೆ, ನೆಲಕ್ಕೆ ಹೆಚ್ಚು ಉದುರೋದಿಲ್ಲ ಅಂದ್ರೆ ಶಿಟ್ಜು ಕಡೆಗೆ, ಅದನ್ನ ಒಂದಿಂಚು ಬಿಟ್ಟು ಕತ್ತರಿಸಿದ್ರೆ ಏನೂ ಆಗೋದಿಲ್ಲ, ನಮ್ಮ ಮಳೆಗೆ ಅದೇ ಒಳ್ಳೇದು. ಯಾವುದೇ ಇರ್ಲಿ ಹೊಟ್ಟೆ ಕೆಳಗೆ, ಪಾದದ ಬೆರಳ ಸಂದಿ, ಹಿಂದೆ ಬಾಲದ ಕೆಳಗೆ, ಕಣ್ಣಿನ ಸುತ್ತ, ಇಷ್ಟು ಈಗ್ಲೇ ಗಿಡ್ಡ ಮಾಡಿಸಿ. ಕೆಸರು ಹಿಡಿಯೋದೇ ಅಲ್ಲಿ.

ತೋಟದಕರಿಯ (ಮೇ 24, ರಾತ್ರಿ 11:02)

ಈ ಗೊಂಬೆ ನಾಯಿಗಳನ್ನ ಕೊಡಗಿಗೆ ಯಾಕೆ ತರ್ತಾರೋ ದೇವರಿಗೇ ಗೊತ್ತು. ನಾಯಿ ಅಂದ್ರೆ ಹಂದಿ ಬಂದ್ರೆ ಎದುರು ನಿಲ್ಬೇಕು. ಇದು ಕಾಡುಬೆಕ್ಕು ಬಂದ್ರೆ ಮಂಚದಡಿ ಹೋಗೋ ಜಾತಿ.

ಆದ್ರೂ ಕೇಳಿದ್ದೀರಿ ಅಂತ ಹೇಳ್ತೇನೆ, ತೋಟಕ್ಕೆ ಒಂಟಿಯಾಗಿ ಬಿಡಬೇಡಿ. ಸಂಜೆ ಆರರ ಮೇಲಂತೂ ಅಂಗಳಕ್ಕೂ ಬಿಡಬೇಡಿ. ಚಿರತೆಗೆ ನಾಯಿ ಅಂದ್ರೆ ಇಷ್ಟ, ಅದೂ ಐದು ಕೆಜಿದು ಅಂದ್ರೆ ಒಂದು ತುತ್ತು. ಮೂರು ವರ್ಷದ ಹಿಂದೆ ನಮ್ಮ ಲೈನ್ ಮನೆ (ತೋಟದ ಕೆಲಸದವರ ಸಾಲು ಮನೆ) ಹತ್ತಿರ ಸಣ್ಣ ನಾಯಿ ಒಂದು, ಕರೆಂಟ್ ಇರ್ಲಿಲ್ಲ, ಅಂಗಳದಲ್ಲಿ ಬೊಗಳ್ತಾ ಇದ್ದದ್ದು ಒಂದು ಸಲ ಕುಂಯ್ ಅಂದದ್ದು ಅಷ್ಟೇ ಕೇಳಿಸಿದ್ದು, ಬೆಳಿಗ್ಗೆ ನೋಡಿದ್ರೆ ಬೆಲ್ಟು ಕಾಫಿ ಗಿಡದ ಬುಡದಲ್ಲಿ. ಅದಕ್ಕೇ ಹೇಳಿದ್ದು ಗೊಂಬೆ ಅಂತ, ಕೆಟ್ಟದಾಗಿ ಅಲ್ಲ. ರಾತ್ರಿ ಬೊಗಳ್ತದೆ ಅಂದ್ರಲ್ಲ, ಬೊಗಳ್ಲಿ, ಆದ್ರೆ ಒಳಗಿದ್ದು ಬೊಗಳ್ಲಿ.

ದನದಾಸ್ಪತ್ರೆ_ರಿಟೈರ್ಡ್ (ಮೇ 25, ಬೆಳಿಗ್ಗೆ 6:15)

ತಮ್ಮಾ, ನಾನು ಪಶು ಆಸ್ಪತ್ರೇಲಿ ಮೂವತ್ತು ವರ್ಷ ಕಾಂಪೌಂಡರ್ ಕೆಲಸ ಮಾಡಿದವನು, ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೇನೆ. ಬ್ರೀಡ್ ಹೆಸರು ಬಿಟ್ಟು ನಿಮ್ಮ ಮುಂದೆ ನಿಂತ ನಾಯೀನ ನೋಡಿ. ಮೂಗು ಗಿಡ್ಡ ಅಂದ್ರಿ, ಹಾಗಾದ್ರೆ ಅವನಿಗೆ ನಮ್ಮ ಚಳಿಗಿಂತ ಏಪ್ರಿಲ್ ಬಿಸಿಲಿನ ಮಧ್ಯಾಹ್ನ ಕಷ್ಟ, ಏದುಸಿರು ಬಿಡ್ತಾನೆ, ಕಾರಲ್ಲಿ ಕಿಟಕಿ ಹಾಕಿ ಬಿಟ್ಟು ಸಂತೆಗೆ ಹೋಗೋದೆಲ್ಲ ಮಾಡಬೇಡಿ. ಕಣ್ಣು ದಪ್ಪ ಅಂದ್ರಿ, ಅಂಥ ಕಣ್ಣಿಗೆ ಕಾಫಿ ಗಿಡದ ರೆಂಬೆ, ಲಂಟಾನ ಮುಳ್ಳು ಚುಚ್ಚಿದ್ರೆ ಕರಿಗುಡ್ಡೆ ಮೇಲೆ ಹುಣ್ಣಾಗ್ತದೆ. ಕಣ್ಣು ಮುಚ್ಕೊಂಡೇ ಇದ್ದಾನೆ, ನೀರು ಸುರೀತಾ ಉಂಟು, ಬಿಳಿ ಮಂಜು ಥರ ಕಾಣ್ತದೆ ಅಂದ್ರೆ ಅದೇ ದಿನ ತೋರಿಸ್ಬೇಕು, ಮನೇಲಿ ಉಳಿದ ಕಣ್ಣಿನ ಡ್ರಾಪ್ಸ್ ಹಾಕಬೇಡಿ, ಅದ್ರಲ್ಲಿ ಸ್ಟೀರಾಯ್ಡ್ ಇದ್ರೆ ಹುಣ್ಣು ಇನ್ನೂ ಹೆಚ್ಚಾಗ್ತದೆ. ಕುತ್ತಿಗೆಗೆ ಬೆಲ್ಟ್ ಕಟ್ಟಿ ಎಳೀಬೇಡಿ, ಎದೆಗೆ ಹಾಕೋ ಹಾರ್ನೆಸ್ ತಗೊಳ್ಳಿ, ಪಾಮೇರಿಯನ್ ರಕ್ತ ಇದ್ದವಕ್ಕೆ ಶ್ವಾಸನಾಳ ಮೆದು ಇರ್ತದೆ, ಬಾತುಕೋಳಿ ಕೂಗಿದ ಹಾಗೆ ಕೆಮ್ಮು ಶುರು ಆದ್ರೆ ಅದು ಅದೇ. ಓಡ್ತಾ ಓಡ್ತಾ ಹಿಂದಿನ ಕಾಲು ಎರಡು ಹೆಜ್ಜೆ ಎತ್ತಿ ಮತ್ತೆ ಏನೂ ಆಗದವನ ಹಾಗೆ ಓಡ್ತಾನಾ ನೋಡಿ, ಸಣ್ಣ ನಾಯಿಗಳಲ್ಲಿ ಮೊಣಕಾಲ ಚಿಪ್ಪು ಜಾರೋದು ಜಾಸ್ತಿ.

ಇಂಜೆಕ್ಷನ್ ಬುಕ್ ಅಕ್ಕನ ಹತ್ತಿರ ಕೇಳಿ ತಗೊಳ್ಳಿ. ರೇಬೀಸ್ ಪ್ರತಿ ವರ್ಷ, ತಪ್ಪಿಸೋ ಹಾಗೇ ಇಲ್ಲ, ನಿಮ್ಮ ಆ ಎರಡು ತೋಟದ ನಾಯಿಗೂ ಸೇರಿ ಹಾಕಿಸಿ. ಸೆಪ್ಟೆಂಬರ್ 28 ರೇಬೀಸ್ ದಿನ, ಆಗ ಸುಮಾರು ಕಡೆ ಪುಕ್ಕಟೆ ಹಾಕ್ತಾರೆ, ಆದ್ರೆ ಇವನದ್ದು ಡ್ಯೂ ಆಗಿದ್ರೆ ಅಲ್ಲಿವರೆಗೆ ಕಾಯಬೇಡಿ. ಇನ್ನೊಂದು ಡಿಸ್ಟೆಂಪರ್, ಪಾರ್ವೋ ಸೇರಿದ ಇಂಜೆಕ್ಷನ್, ಅದನ್ನ ಹಾಕಿಸುವಾಗ ಲೆಪ್ಟೋ ಉಂಟಾ ಅಂತ ಕೇಳಿ. ಇಲಿ ಉಚ್ಚೆ ಸೇರಿದ ನೀರಿಂದ ಬರೋ ಇಲಿಜ್ವರ, ನಾಯಿಗೂ ಬರ್ತದೆ ನಮಗೂ ಬರ್ತದೆ, ಗದ್ದೆ ನೀರು, ಅಂಗಳದ ಗುಂಡಿ ನೀರು ನೆಕ್ಕೋ ನಾಯಿಗೆ ಮಳೆಗಾಲದಲ್ಲಿ ಅದು ಬೇಕೇ ಬೇಕು. ಬೆಂಗಳೂರು ಫ್ಲಾಟಲ್ಲಿ ಇದ್ದವನಿಗೆ ಹಾಕಿಸಿರೋದು ಡೌಟು.

ಉಣುಗಿನ ವಿಷಯದಲ್ಲಿ ಕೈ ಮುಗಿದು ಕೇಳ್ತೇನೆ, ದನಕ್ಕೆ ಹಚ್ಚೋ ಔಷಧ ಇವನಿಗೆ ಹಚ್ಚಬೇಡಿ. ಸರ್ವೀಸಲ್ಲಿದ್ದಾಗ ಕಂಡದ್ದು, ಬಕೆಟಲ್ಲಿ ಕಣ್ಣಂದಾಜಿಗೆ ಕಲಸಿ ಸಣ್ಣ ನಾಯೀನ ಮುಳುಗಿಸಿ ತೆಗೆದು ಸಂಜೆಗೆ ನಡುಗಿಕೊಂಡು ನಮ್ಮಲ್ಲಿಗೆ ಹೊತ್ತು ತರ್ತಿದ್ರು. ತೂಕಕ್ಕೆ ಸರಿಯಾದ ಮಾತ್ರೆ ಸಿಗ್ತದೆ, ತಿಂಗಳಿಗೊಂದರದ್ದೂ ಉಂಟು, ಮೂರು ತಿಂಗಳಿಗೊಂದರದ್ದೂ ಉಂಟು, ಡಾಕ್ಟರ್ ಹತ್ರ ಬರೆಸಿಕೊಂಡು ಕೊಡಿ.

ಕಕ್ಕಬ್ಬೆ_ಹುಡುಗ (ಮೇ 25, ಮಧ್ಯಾಹ್ನ 1:30)

ತುಂಬಾ ಥ್ಯಾಂಕ್ಸ್ ಎಲ್ರಿಗೂ. ಕೂದಲು ಬಿಡಿಸಿ ನೋಡಿದೆ. ಬೆನ್ನಲ್ಲಿ ಹತ್ತಿ ಥರ ಉಂಟು, ಕಿವಿ ತಲೆ ಕಾಲಲ್ಲಿ ಇಲ್ಲ. ಅರ್ಧ ಅದು ಅರ್ಧ ಇದು. ಅವ್ವ ಬಟ್ಟೆ ಕತ್ತರೀಲಿ ಹೊಟ್ಟೆ ಕೆಳಗಿಂದು ತೆಗೆದ್ರು, ಇವನು ಅವ್ವನ ಮಡಿಲಲ್ಲಿ ರಾಜನ ಹಾಗೆ ಬಿದ್ದುಕೊಂಡಿದ್ದ, ನಾನು ಕತ್ತರಿ ಹಿಡಿದ್ರೆ ಗುರ್ರ್ ಅಂತಾನೆ. ಇಂಜೆಕ್ಷನ್ ಬುಕ್ಕಲ್ಲಿ ರೇಬೀಸ್ ಮುಂದಿನ ತಿಂಗಳಿಗೆ ಬರ್ದಿದ್ದಾರೆ. ಲೆಪ್ಟೋ ಹಾಕಿಸಿದ್ದಾರೆ ಆದ್ರೆ ವರ್ಷ ದಾಟಿದೆ.

ಊಟದ್ದು ಯಾರೂ ಹೇಳ್ಲಿಲ್ಲ. ನಿನ್ನೆ ಮನೇಲಿ ಪಂದಿಕರಿ (ಹಂದಿ ಮಾಂಸದ ಸಾರು) ಇತ್ತು, ಪಾತ್ರೆ ಸುತ್ತ ಕುಣಿದದ್ದು ನೋಡಿ ಪಾಪ ಅಂತ ಅವ್ವ ಎರಡು ತುಂಡು ಹಾಕಿದ್ರು, ಅನ್ನ ತಿನ್ನದವನು ಅದನ್ನ ತಟ್ಟೆ ಸಮೇತ ನೆಕ್ಕಿದ್ದಾನೆ.

ವಿರಾಜಪೇಟೆ_ಅಕ್ಕ (ಮೇ 25, ಸಂಜೆ 4:10)

ಅಯ್ಯೋ ಪಂದಿಕರಿ ಬೇಡ ಮಾರಾಯ. ನಮ್ಮ ಲಾಸಾ ಆಪ್ಸೋ ಕ್ರಾಸ್ ಹೆಣ್ಣು ನಾಯಿ ಉಂಟು, ಒಂಬತ್ತು ವರ್ಷ ಈಗ, ಅವಳಿಗೆ ನಾಲ್ಕು ವರ್ಷ ಇದ್ದಾಗ ಕೈಲ್‌ಪೊಳ್ದ್ ಹಬ್ಬದ ದಿನ ನೆಂಟರೆಲ್ಲ ಒಬ್ಬೊಬ್ಬರು ಒಂದೊಂದು ತುಂಡು "ಒಂದೇ ಅಲ್ವಾ" ಅಂತ ಹಾಕಿದ್ದು, ಹಂದಿ ಕೊಬ್ಬು ಅಷ್ಟು ಹೊಟ್ಟೆಗೆ ಹೋದ್ರೆ ಆಗ್ತದಾ, ಮರುದಿನ ಬೆನ್ನು ಕಮಾನು ಮಾಡಿ ಮುಂಗಾಲು ಚಾಚಿ ಪ್ರಾರ್ಥನೆ ಮಾಡೋ ಹಾಗೆ ನಿಂತದ್ದು ನಿಂತೇ ಇದ್ಲು, ವಾಂತಿ ಬೇರೆ. ಪ್ಯಾಂಕ್ರಿಯಾಸ್ ಊದಿದೆ ಅಂದ್ರು, ಮೂರು ದಿನ ಡ್ರಿಪ್. ಮತ್ತೆ ಕರೀಲಿ ಈರುಳ್ಳಿ ಬೆಳ್ಳುಳ್ಳಿ ಇರ್ತದಲ್ಲ, ಅವೆರಡೂ ನಾಯಿಗೆ ವಿಷ, ರಕ್ತ ಒಡೀತದೆ. ಬೇಯಿಸಿದ ಮೂಳೆ ಚೂರು ಚೂರಾಗಿ ಕರುಳಿಗೆ ಚುಚ್ತದೆ, ಕೋಳಿದಂತೂ ಕೊಡ್ಲೇಬೇಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಬೇಡ. ಮಡಿಕೇರೀಲಿ ಹೋಮ್‌ಮೇಡ್ ಚಾಕೊಲೇಟ್ ತಗೊಂಡು ಬರೋ ನೆಂಟರ ಬ್ಯಾಗು ಮಂಚದ ಮೇಲೆ ಇಡ್ಸಿ, ಕೆಳಗೆ ಬೇಡ.

ಹಾಂ ಕಾಫೀನೂ. ಯಾರೂ ಹೇಳ್ಲಿಲ್ಲ ನೋಡಿ! ಕೆಫೀನ್ ನಾಯಿಗೆ ತಡಿಯೋದಿಲ್ಲ, ಎದೆ ಡವಡವ ಅಂತ ಹೊಡ್ಕೊಂಡು ಫಿಟ್ಸ್ ಬರಬಹುದು. ಕೊಯ್ಲಲ್ಲಿ ಹಣ್ಣು ಸಿಹಿ ಇರ್ತದೆ, ಕಣದಲ್ಲಿ ಒಣಗೋಕೆ ಹಾಕಿದ್ದನ್ನ ಇವು ಅಗೀತಾವೆ. ದೊಡ್ಡ ನಾಯಿ ಎರಡು ಕಾಳು ನುಂಗಿದ್ರೆ ದಕ್ಕಿಸಿಕೊಳ್ತದೆ, ಐದು ಕೆಜಿಯವನು ಮುಷ್ಟಿ ತಿಂದ್ರೆ ಕಷ್ಟ. ಪುಡಿ ಡಬ್ಬಾನೂ ಮುಚ್ಚಿ.

ಊಟ ಹೇಳ್ತೇನೆ ಕೇಳಿ, ಕಾಳು ಒಂದೇ ಸಲ ನಿಲ್ಲಿಸಬೇಡಿ, ಹತ್ತು ದಿನ ತಗೊಂಡು ಸ್ವಲ್ಪ ಸ್ವಲ್ಪ ಬದಲು ಮಾಡಿ, ಇಲ್ಲಾಂದ್ರೆ ಭೇದಿ ಶುರು. ನಾನು ಬೆಳಿಗ್ಗೆ ಕಾಳು, ಸಂಜೆ ಉಪ್ಪು ಖಾರ ಹಾಕದ ಕೋಳಿ ಬೇಯಿಸಿ ಮೂಳೆ ತೆಗೆದು ಅನ್ನ, ಸಿಹಿಗುಂಬಳ ಸೇರಿಸಿ ಕಲಸಿ ಕೊಡೋದು. ಎರಡೂ ಹೊತ್ತು ಅಳತೆ ಮಾಡಿ, ಸಣ್ಣ ನಾಯಿ ಒಂದು ಕೆಜಿ ಹೆಚ್ಚಾದ್ರೆ ನಾವು ಹದಿನೈದು ಕೆಜಿ ಹೆಚ್ಚಾದ ಲೆಕ್ಕ, ಮೊಣಕಾಲಿಗೆ ಭಾರ. ಹಲ್ಲು ಮರೀಬೇಡಿ, ಈ ಸಣ್ಣ ಬಾಯಿಗೆ ನಲವತ್ತೆರಡು ಹಲ್ಲು ತುಂಬಿಸಿದ್ರೆ ಒಂದರ ಮೇಲೊಂದು ಇರ್ತದೆ, ಕೊಳೆ ಕೂತು ನಮ್ಮವಳದ್ದು ಏಳನೇ ವರ್ಷಕ್ಕೇ ಆರು ಹಲ್ಲು ಕೀಳಿಸಿದ್ದು. ನಾಯಿ ಪೇಸ್ಟಲ್ಲೇ ಉಜ್ಜಿ, ನಮ್ಮ ಪೇಸ್ಟ್ ಬೇಡ.

ತೋಟದಕರಿಯ (ಮೇ 25, ಸಂಜೆ 6:45)

ನಾಯಿಗೆ ಹಲ್ಲುಜ್ಜೋದು ಕೂಡ ಕೇಳಿ ಆಯ್ತು ಇವತ್ತು.

ಒಂದು ಬಿಟ್ಟು ಹೋಗಿದೆ ಅಕ್ಕ, ಬಸವನಹುಳು ಔಷಧ. ಶನಿವಾರಸಂತೆ ಕಡೆ ಆಫ್ರಿಕನ್ ಹುಳದ ಕಾಟಕ್ಕೆ ತೋಟದಲ್ಲಿ ಗುಳಿಗೆ ಎರಚ್ತಾರಲ್ಲ, ಮೆಟಾಲ್ಡಿಹೈಡ್, ಅದರ ವಾಸನೆ ನಾಯಿಗೆ ರುಚಿ. ತಿಂದ ಕೆಲವು ಗಂಟೇಲಿ ಒದ್ದಾಟ ಶುರು ಆಗ್ತದೆ, ಜೀವವೇ ಹೋಗಬಹುದು. ಇಲಿ ಪಾಷಾಣವೂ ಜೀವ ತೆಗೀತದೆ. ನಮ್ಮ ಒಂದು ಹೋಗಿದೆ ಹಾಗೆ, ಗೊಂಬೆ ನಾಯಿ ಅಲ್ಲ, ನಲವತ್ತು ಕೆಜಿದು. ಪಕ್ಕದ ತೋಟದವರಿಗೂ ಎರಚೋ ಮೊದಲು ಒಂದು ಮಾತು ಹೇಳಿ ಅಂತ ಕೇಳಿಟ್ಕೊಳ್ಳಿ.

ಮಡಿಕೇರಿ_ಮಂಜು (ಮೇ 25, ರಾತ್ರಿ 8:00)

ಮಳೆಗಾಲದ ದಿನಚರಿ ಹೇಳಿಬಿಡ್ತೇನೆ, ನಂಗೆ ಏಳು ಮಳೆಗಾಲದ ಅನುಭವ. ಹೊರಗೆ ಹೋಗಿ ಬಂದ ಕೂಡ್ಲೇ ಬಾಗಿಲಲ್ಲೇ ಹಳೇ ಬನಿಯನ್ ಬಟ್ಟೇಲಿ ಒರೆಸಿ, ಅದು ಚೆನ್ನಾಗಿ ನೀರು ಹೀರ್ತದೆ. ಉಜ್ಜಬೇಡಿ, ಒತ್ತಿ, ಉಜ್ಜಿದ್ರೆ ಸಿಕ್ಕಾಗ್ತದೆ. ಆಮೇಲೆ ಬಾಚಣಿಗೆ, ಸಿಕ್ಕು ಒದ್ದೆ ಇದ್ದು ಇದ್ದು ಗಟ್ಟಿ ಜಡೆ ಆದ್ರೆ ಅದರಡಿ ಚರ್ಮ ಕೊಳೀತದೆ, ಮೇಲಿಂದ ಕಾಣೋದೇ ಇಲ್ಲ, ವಾಸನೆ ಬಂದಾಗ್ಲೇ ಗೊತ್ತಾಗೋದು. ಕರೆಂಟ್ ಇರೋದಿಲ್ಲ ಡ್ರೈಯರ್ ಓಡೋದಿಲ್ಲ, ನಾವು ಒಲೆ ಹತ್ತಿರ ಬುಟ್ಟಿ ಕವುಚಿ ಹಾಕಿ ಅದರ ಮೇಲೆ ಕೂರಿಸ್ತೇವೆ, ಬಟ್ಟೆ ಒಣಗಿಸೋ ಹಾಗೆ. ಕಿಡಿ ಹಾರೋ ಸೌದೆ ಹಾಕಬೇಡಿ ಅಷ್ಟೇ. ಕಿವಿ ಜೋತು ಬಿದ್ದಿದ್ರೆ ವಾರಕ್ಕೊಮ್ಮೆ ಎತ್ತಿ ಮೂಸಿ ನೋಡಿ, ಹುಳಿ ವಾಸನೆ ಬಂದ್ರೆ ಡಾಕ್ಟರ್. ವಾರ ವಾರ ಸ್ನಾನ ಬೇಡ, ಜೋರು ಮಳೆಯ ಕಕ್ಕಡ ತಿಂಗಳಲ್ಲಂತೂ ನಾವೇ ಮಾಡೋದಿಲ್ಲ.

ಜಿಗಣೆ ಕಾಲಿನ ಬೆರಳ ಸಂದಿ, ಕಿವಿ ಹಿಂದೆ, ಹೊಟ್ಟೆಯಲ್ಲಿ ಹುಡುಕಿ. ಕಚ್ಚಿದ್ದನ್ನ ಎಳೀಬೇಡಿ, ಉಪ್ಪು ನೀರಲ್ಲಿ ಅದ್ದಿದ ಬಟ್ಟೆ ಮುಟ್ಟಿಸಿದ್ರೆ ಬಿಡ್ತದೆ. ಆಮೇಲೂ ರಕ್ತ ಸ್ವಲ್ಪ ಹೊತ್ತು ನಿಲ್ಲೋದಿಲ್ಲ, ಹೆದರಬೇಡಿ, ಅದರ ಜೊಲ್ಲು ಹಾಗೆ. ಬಿಳಿ ನಾಯಿ ಆದ್ರೆ ಕೊಲೆ ಆದ ಹಾಗೆ ಕಾಣ್ತದೆ.

ಕಕ್ಕಬ್ಬೆ_ಹುಡುಗ (ಜುಲೈ 19, ರಾತ್ರಿ 10:50)

ಮತ್ತೆ ಬಂದೆ, ಅರ್ಜೆಂಟ್. ಮಾಚ ಮೂರು ದಿನದಿಂದ ಸೀನ್ತಾ ಇದ್ದಾನೆ. ಮೊದಲು ಚಳಿಗೆ ಅಂದ್ಕೊಂಡೆವು. ಇವತ್ತು ಬೆಳಿಗ್ಗೆಯಿಂದ ಎಡಗಡೆ ಹೊಳ್ಳೇಲಿ ಮಾತ್ರ ರಕ್ತ ತೊಟ್ಟು ತೊಟ್ಟು. ಮುಂಗಾಲಲ್ಲಿ ಮೂಗು ಉಜ್ಜಿಕೊಳ್ತಾನೆ. ಊಟ ಮಾಡ್ತಿದ್ದಾನೆ, ಆಡ್ತಿದ್ದಾನೆ. ಗೂಗಲಲ್ಲಿ ನೋಡಿದ್ರೆ ಟಿಕ್ ಫೀವರಲ್ಲಿ ಮೂಗಲ್ಲಿ ರಕ್ತ ಬರ್ತದೆ ಅಂತ ಉಂಟು, ಅವ್ವ ಅಳ್ತಾ ಕೂತಿದ್ದಾರೆ. ರಸ್ತೇಲಿ ಮರ ಬಿದ್ದು ಇವತ್ತು ನಾಪೋಕ್ಲು ಕಡೆಗೆ ಡಾಕ್ಟರ್ ಹತ್ರ ಹೋಗೋಕೆ ಆಗ್ಲಿಲ್ಲ. ಎಂತ ಮಾಡ್ಲಿ?

ದನದಾಸ್ಪತ್ರೆ_ರಿಟೈರ್ಡ್ (ಜುಲೈ 19, ರಾತ್ರಿ 11:05)

ತಮ್ಮಾ, ಅವ್ವನಿಗೆ ಸಮಾಧಾನ ಹೇಳಿ. ಉಣುಗಿನ ಜ್ವರ ಆದ್ರೆ ಸಾಧಾರಣವಾಗಿ ಮಂಕಾಗ್ತಾನೆ, ಊಟ ಬಿಡ್ತಾನೆ, ಮೈ ಬಿಸಿ, ಒಸಡು ಬಿಳಚಿಕೊಳ್ತದೆ, ಹೊಟ್ಟೆ ಚರ್ಮದ ಮೇಲೆ ಕೆಂಪು ಚುಕ್ಕೆ. ತುಟಿ ಎತ್ತಿ ಟಾರ್ಚಲ್ಲಿ ಒಸಡು ನೋಡಿ, ಗುಲಾಬಿ ಬಣ್ಣ ಇದ್ರೆ ಒಳ್ಳೇದು. ಒಂದೇ ಹೊಳ್ಳೆ, ಸೀನು, ಉಜ್ಜಿಕೊಳ್ಳೋದು, ಊಟ ಸರಿ ಇರೋದು, ಮಳೆಗಾಲ, ಕಕ್ಕಬ್ಬೆ. ನಂಗೆ ಮೊದಲು ನೆನಪಾಗೋದು ಮೂಗೊಳಗೆ ಜಿಗಣೆ. ತೋಡಿನ (ಸಣ್ಣ ಹಳ್ಳದ) ನೀರು ಕುಡಿವಾಗ ಹೋಗಿರ್ತದೆ. ಆದ್ರೆ ಇಲ್ಲಿಂದ ಕೂತು ಖಚಿತ ಹೇಳೋಕೆ ಬರೋದಿಲ್ಲ, ಎರಡಕ್ಕೂ ಡಾಕ್ಟರೇ ನೋಡ್ಬೇಕು. ಉಪ್ಪು ನೀರು, ಹೊಗೆಸೊಪ್ಪಿನ ನೀರು ಮೂಗಿಗೆ ಹಾಕಬೇಡಿ, ದನಕ್ಕೆ ಮಾಡ್ತಿದ್ರು ಅಂತ ಯಾರಾದ್ರೂ ಹೇಳಿಯೇ ಹೇಳ್ತಾರೆ. ಪಿನ್ನು ಚಿಮ್ಮಟ ಏನೂ ತೂರಿಸಬೇಡಿ. ಸುಮ್ನೆ ಒಳಗೆ ಬೆಚ್ಚಗೆ ಮಲಗಿಸಿ, ದಾರಿ ಆದ ಕೂಡ್ಲೇ ಹೋಗಿ, ರಕ್ತ ಧಾರೆಯಾಗಿ ಬಂದ್ರೆ ಅಥವಾ ಒಸಡು ಬಿಳಿ ಆದ್ರೆ ರಾತ್ರಿಯೇ ಫೋನ್ ಮಾಡಿ ಡಾಕ್ಟರನ್ನ ಎಬ್ಬಿಸಿ.

ತೋಟದಕರಿಯ (ಜುಲೈ 19, ರಾತ್ರಿ 11:20)

ಮರ ಎಲ್ಲಿ ಬಿದ್ದದ್ದು ಹೇಳಿ. ಮರ ಕೊಯ್ಯೋ ಮೆಷಿನ್ ವಾಳ್ (ಗರಗಸ) ಉಂಟು ನಮ್ಮ ಹತ್ರ, ಹುಡುಗರು ಇದ್ದಾರೆ. ಬೆಳಿಗ್ಗೆ ಆರಕ್ಕೆ ಬರ್ತೇವೆ. ನಾಯಿಗೋಸ್ಕರ ಅಲ್ಲ, ರಸ್ತೆಗೋಸ್ಕರ.

ಕಕ್ಕಬ್ಬೆ_ಹುಡುಗ (ಜುಲೈ 20, ಸಂಜೆ 5:30)

ಜಿಗಣೆಯೇ. ಡಾಕ್ಟರ್ ರಾತ್ರಿಯಿಂದ ನೀರು ಕೊಡದೆ ತನ್ನಿ ಅಂತ ಫೋನಲ್ಲೇ ಹೇಳಿದ್ರು, ಅಲ್ಲಿ ಹೋದ ಮೇಲೆ ತಣ್ಣೀರಿನ ಬೋಗುಣಿ ಮೂಗಿನ ಹತ್ತಿರ ಇಟ್ಟು ನಾನು ತಲೆ ಹಿಡ್ಕೊಂಡು ಕೂತೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಹೊಳ್ಳೆಯಿಂದ ಕಪ್ಪು ಎಳೆ ಥರ ಒಂದು ಮೆಲ್ಲಗೆ ಹೊರಗೆ ಬಂತು, ನೀರಿನ ಕಡೆಗೆ ಮೂತಿ ಆಡಿಸಿ ಮತ್ತೆ ಒಳಗೆ ಹೋಯ್ತು, ನಂಗೆ ಹೊಟ್ಟೆ ತೊಳಸಿದ ಹಾಗಾಯ್ತು. ಮೂರನೇ ಸಲ ಬಂದಾಗ ಡಾಕ್ಟರ್ ಫೋರ್ಸೆಪ್ಸಲ್ಲಿ ಹಿಡಿದು ಎಳೀದೆ ಹಾಗೇ ಹಿಡ್ಕೊಂಡ್ರು, ಅದೇ ಬಿಟ್ಟು ಬಂತು. ಇಷ್ಟುದ್ದ ಉಂಟು, ನನ್ನ ಕಿರುಬೆರಳಷ್ಟು. ರಕ್ತ ಟೆಸ್ಟೂ ಮಾಡಿದ್ರು, ಪ್ಲೇಟ್ಲೆಟ್ ಸರಿ ಉಂಟು. ಲೆಪ್ಟೋ ಇಂಜೆಕ್ಷನ್ ಜೂನಲ್ಲೇ ಆಗಿತ್ತು, ಒಳ್ಳೇದಾಯ್ತು ಅಂದ್ರು.

ಇನ್ನು ತೋಡಿನ ಕಡೆ ಬಿಡೋದಿಲ್ಲ, ಮನೆಯಿಂದ ಬಾಟಲಿ ನೀರು ತಗೊಂಡು ಹೋಗೋದು ಅಂತ ಅವ್ವ ಆರ್ಡರ್ ಮಾಡಿದ್ದಾರೆ. ಕರಿಯಣ್ಣ ಹುಡುಗರ ಜೊತೆ ಐದೂವರೆಗೇ ಬಂದು ಮರ ಕೊಯ್ದು ಬದಿಗೆ ಸರಿಸಿ ಹೋದ್ರು, ಕಾಫಿ ಕುಡೀರಿ ಅಂದ್ರೂ ಕೂರ್ಲಿಲ್ಲ. ಜೀಪಿನ ಕಿಟಕಿಯಿಂದ ಮಾಚನನ್ನ ನೋಡಿ "ಇದಾ" ಅಂದ್ರು ಅಷ್ಟೇ. ಮಾಚ ಅವರಿಗೆ ಬೊಗಳ್ಲಿಲ್ಲ, ಅದೊಂದು ಆಶ್ಚರ್ಯ.

ತೋಟದಕರಿಯ (ಜುಲೈ 20, ಸಂಜೆ 6:10)

ನೋಡೋಕೆ ಪರವಾಗಿಲ್ಲ. ಸಂಜೆ ಹೊರಗೆ ಬಿಡಬೇಡಿ.